ಸಲ್ಫೇಟ್ ದಾಳಿ: ಎಟ್ರಿಂಗೈಟ್ ಲೆಕ್ಕ ಬಿಡಿಸಿಕೊಂಡ ಬಗೆ

ಮಣ್ಣು, ಅಂತರ್ಜಲ, ಸಮುದ್ರದ ನೀರಿನಲ್ಲಿರುವ ಸಲ್ಫೇಟ್ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಜೊತೆ ಸೇರಿ ಜಿಪ್ಸಮ್ ಆಗುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ.

ತಲೆ ತಿನ್ನುವುದು ಎಟ್ರಿಂಗೈಟ್, ಅಂದರೆ ಕ್ಯಾಲ್ಸಿಯಂ, ಅಲ್ಯುಮಿನೇಟ್, ಸಲ್ಫೇಟ್, ನೀರು ಸೇರಿ ಆಗುವ ಹರಳು. ನೀರು ಬೆರೆಸಿದ ಮೊದಲ ಗಂಟೆಗಳಲ್ಲೇ ಅದು ಹುಟ್ಟುತ್ತದೆ. ಸಿಮೆಂಟ್ ದಿಢೀರನೆ ಬಿಗಿಯದಿರಲೆಂದು ಕಾರ್ಖಾನೆಯಲ್ಲೇ ಜಿಪ್ಸಮ್ ಸೇರಿಸಿರುತ್ತಾರಲ್ಲ, ಅದರ ಫಲ ಇದು. ಆಗ ಉಪಕಾರಿಯಾಗಿದ್ದದ್ದು ವರ್ಷಗಳ ನಂತರ ಕಾಂಕ್ರೀಟನ್ನೇ ಸೀಳುವುದೇಕೆ?

ಸಲ್ಫೇಟುಗಳನ್ನು ಎಣಿಸಿ. ಒಂದು ಎಟ್ರಿಂಗೈಟ್‌ಗೆ ಒಂದು ಸಿ3ಎ (ಸಿಮೆಂಟಿನ ಒಂದು ಘಟಕವಾದ ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟ್), ಮೂರು ಸಲ್ಫೇಟ್ ಬೇಕು. ಅದರೊಳಗೆ 32 ನೀರಿನ ಅಣುಗಳಿರುತ್ತವೆ. ಜಿಪ್ಸಮ್ ಖಾಲಿಯಾದಾಗಲೂ ಸಿ3ಎ ಮಿಕ್ಕಿರುತ್ತದೆ. ಮಿಕ್ಕ ಎರಡು ಸಿ3ಎ, ಆಗಲೇ ಆಗಿರುವ ಒಂದು ಎಟ್ರಿಂಗೈಟ್ ಬಳಿ ಪಾಲು ಕೇಳುತ್ತವೆ. ಇದ್ದ ಮೂರು ಸಲ್ಫೇಟ್ ತಲಾ ಒಂದರಂತೆ ಹಂಚಿಹೋಗಿ ಮೂರು ಮಾನೋಸಲ್ಫೇಟ್ ಆಗುತ್ತವೆ. ಪ್ರತಿಯೊಂದಕ್ಕೂ ಎರಡು ಸಲ್ಫೇಟ್ ಬಾಕಿ! ಹೊರಗಿನ ಸಲ್ಫೇಟ್ ಬಂದು ಈ ಬಾಕಿ ತೀರಿಸಿದರೆ ಮೂರೂ ಎಟ್ರಿಂಗೈಟ್ ಆಗುತ್ತವೆ. ಒಂದಿದ್ದಲ್ಲಿ ಮೂರು. ಅಂದು ಹಸಿ ಪೇಸ್ಟ್ ಸರಿದು ಜಾಗ ಕೊಟ್ಟಿತ್ತು. ಇಂದು ಅದು ಕಲ್ಲಿನಂತೆ ಗಟ್ಟಿ.

ಗಾತ್ರದ ವಿಷಯದಲ್ಲಿ ಇನ್ನೊಂದು ಗಂಟಿದೆ. ಒಂದು ಮೋಲ್ ಮಾನೋಸಲ್ಫೇಟ್ ಸುಮಾರು 309 ಘನ ಸೆಂ.ಮೀ., ಎಟ್ರಿಂಗೈಟ್ ಸುಮಾರು 707. ಆದರೆ ವರ್ತಿಸುವ ಜಿಪ್ಸಮ್ ಮತ್ತು ನೀರನ್ನೂ ಕೂಡಿಸಿದರೆ ಸಮೀಕರಣದ ಎಡಬದಿ ಸುಮಾರು 745 ಆಗುತ್ತದೆ, ಅಂದರೆ ಒಟ್ಟು ಗಾತ್ರ ಕುಗ್ಗಬೇಕು! ನೀರು ಮತ್ತು ಸಲ್ಫೇಟ್ ಹೊರಗಿನಿಂದ ದ್ರಾವಣವಾಗಿ ಬಂದವು ಎಂಬುದನ್ನು ಮರೆತಾಗ ಈ ಗೊಂದಲ ಹುಟ್ಟುತ್ತದೆ. ಹರಳು ಬೆಳೆಯುವುದು ಕಿರಿದಾದ ರಂಧ್ರದೊಳಗೆ. ಅದರ ಒತ್ತಡವೇ ಬಿರುಕಿಗೆ ಕಾರಣ ಎಂಬ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಸಲ್ಫೇಟ್ ನಿರೋಧಕ ಸಿಮೆಂಟಿನಲ್ಲಿ ಸಿ3ಎ 5%ಕ್ಕಿಂತ ಹೆಚ್ಚಿರಬಾರದು ಎಂಬ ಮಿತಿಯ ಗುಟ್ಟೂ ಇದೇ: ಬಾಕಿದಾರರೇ ಕಡಿಮೆ.

ಮೆಗ್ನೀಸಿಯಂ ಸಲ್ಫೇಟ್ ಮುಂದೆ ಈ ಉಪಾಯ ಸಾಲದು. ಅದು ಕಾಂಕ್ರೀಟಿನ ಬಂಧಕವಾದ ಸಿ-ಎಸ್-ಎಚ್‌ನಿಂದಲೇ (ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್) ಕ್ಯಾಲ್ಸಿಯಂ ಕಿತ್ತುಕೊಂಡು, ಅಂಟುಗುಣವಿಲ್ಲದ ಮೆಗ್ನೀಸಿಯಂ ಸಿಲಿಕೇಟ್ ಉಳಿಸುತ್ತದೆ. ಥಾಮಸೈಟ್ ಎಂಬ ಇನ್ನೊಂದು ಸಲ್ಫೇಟ್ ಖನಿಜ ಹುಟ್ಟುವಾಗಲೂ ಸಿ-ಎಸ್-ಎಚ್ ಅನ್ನೇ ತಿನ್ನುತ್ತದೆ, ಆದರೆ ಅದಕ್ಕೆ ಕಾರ್ಬೊನೇಟ್ ಬೇಕು. ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಅದರ ಹಾವಳಿ ಹೆಚ್ಚು. ನೆನಪಿಡಲು ನನ್ನ ಸುಲಭ ದಾರಿ: ಪರೀಕ್ಷೆಯ ಪ್ರಶ್ನೆಯಲ್ಲಿ ಉಬ್ಬು, ಬಿರುಕು ಎಂದಿದ್ದರೆ ಮೊದಲು ಎಟ್ರಿಂಗೈಟ್ ನೆನೆಯಿರಿ, ಮೆತ್ತಗಾಗಿ ಉದುರುತ್ತಿದೆ ಎಂದಿದ್ದರೆ ಈ ಎರಡನ್ನು.

ಈ ಮೂರು ಬಗೆಯ ದಾಳಿಗೂ ಸಲ್ಫೇಟ್ ಒಳಬರಲೇಬೇಕು. ಆದ್ದರಿಂದ ನೀರು-ಸಿಮೆಂಟ್ ಅನುಪಾತವನ್ನು 0.45ರ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ಇಳಿಸಿ, ಹಾರುಬೂದಿ ಇಲ್ಲವೇ ಸ್ಲ್ಯಾಗ್ ಬೆರೆಸಿ, ಚೆನ್ನಾಗಿ ಕ್ಯೂರಿಂಗ್ ಮಾಡಿ (ತೇವ ಆರದಂತೆ ಕಾಪಾಡಿ) ರಂಧ್ರಗಳನ್ನು ಬಿಗಿಗೊಳಿಸುತ್ತಾರೆ.