ತುಕ್ಕಿನ ಕೆಳಗೆ ಉಕ್ಕು ಇದೆಯೇ?

ನನ್ನ ಬಳಿ ಮರಗೆಲಸ ಕಲಿಯಲು ಬರುವವರು ಮೊದಲ ವಾರದಲ್ಲೇ ಉಪಕರಣಗಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳುತ್ತಾರೆ. ಹಲಗೆಯನ್ನು ಕೀಸಿ ನುಣುಪು ಮಾಡುವ ಒಳ್ಳೆಯದೊಂದು ಕಬ್ಬಿಣದ ಕೀಸುಳಿಯನ್ನು ಹೊಸದಾಗಿ ಕೊಂಡರೆ ಅದಕ್ಕೇ ಕೆಲವು ಸಾವಿರ ರೂಪಾಯಿ ಹೋಗುತ್ತದೆ. ಅಗ್ಗದ ಹೊಸದನ್ನು ಕೊಂಡರೆ ಎರಡು ಹಲಗೆ ಕೀಸುವಷ್ಟರಲ್ಲಿ ಅಲಗು ಮೊಂಡಾಗುತ್ತದೆ. ಅದಕ್ಕೇ ನಾನು ಅವರನ್ನು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಚಿಕ್ಕಪೇಟೆಗೆ ಕರೆದೊಯ್ಯುತ್ತೇನೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ನೆರೆಯುವ ಸಂಡೇ ಬಜಾರ್‌ನಲ್ಲಿ ಹಳೆಯ ಫ್ಯಾನು, ಗಡಿಯಾರ, ಒಡೆದ ಮೊಬೈಲುಗಳ ನಡುವೆ ಗೋಣಿಚೀಲದ ಮೇಲೆ ಎಲ್ಲೋ ಒಂದು ಕಡೆ ಉಳಿ, ಗರಗಸ, ಬೈರಿಗೆಗಳ ರಾಶಿ ಬಿದ್ದಿರುತ್ತದೆ.

ಈ ರಾಶಿ ಅಲ್ಲಿಗೆ ಬಂದ ಬಗೆ ಹೇಳಬೇಕಾಗಿಲ್ಲ. ವಿದ್ಯುತ್ ಯಂತ್ರ ಬಂದ ಮೇಲೆ ಕೈಕೀಸುಳಿ ಅಟ್ಟ ಸೇರಿತು, ಆಚಾರ್ರು ತೀರಿಕೊಂಡ ಮೇಲೆ ಅಟ್ಟದಿಂದ ಗುಜರಿಗೆ ಇಳಿಯಿತು. ಮಕ್ಕಳು ಬೇರೆ ಕೆಲಸ ಹಿಡಿದಿರುತ್ತಾರೆ. ಅವರಿಗೆ ಅದು ಹಳೆಯ ಕಬ್ಬಿಣ, ತೂಕಕ್ಕೆ ಹೋಗುತ್ತದೆ. ಒಮ್ಮೆ ನಾನು ತಂದ ಕೀಸುಳಿಯ ಸ್ಕ್ರೂ ಬಿಚ್ಚಿದಾಗ ಅಲಗಿನ ಕೆಳಗೆ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿತ್ತು. ಎಷ್ಟು ಆಯುಧಪೂಜೆಗಳ ಪದರವೋ!

ಕಳೆದ ಮಳೆಗಾಲದ ಒಂದು ಭಾನುವಾರದ ಕತೆ ಹೇಳುತ್ತೇನೆ. ಜೊತೆಗೆ ಬಂದಿದ್ದ ಹುಡುಗನ ಕಣ್ಣು ನೇರವಾಗಿ ನೀಲಿ ಬಣ್ಣ ಬಳಿದ ಕೀಸುಳಿಯ ಮೇಲೆ ಬಿತ್ತು. ಹಿತ್ತಾಳೆಯ ತಿರುಪು ಮಿರಮಿರ ಮಿಂಚುತ್ತಿತ್ತು. ವ್ಯಾಪಾರಿ, "ಆಚಾರ್ರೇ, ಇಂಗ್ಲೆಂಡ್ ಮಾಲು, ಒಂದೂವರೆ ಸಾವಿರ" ಎಂದ. ಪಕ್ಕದಲ್ಲೇ ಕಂದು ತುಕ್ಕಿನಿಂದ ತುಂಬಿದ ಇನ್ನೊಂದಿತ್ತು, ಅದಕ್ಕೆ ನಾಲ್ಕುನೂರು. ನಾನು ನೀಲಿಯದನ್ನು ಮಗುಚಿ, ಜೇಬಿನಲ್ಲಿದ್ದ ಸೀಮೆಎಣ್ಣೆಯ ಬಟ್ಟೆಯಿಂದ ಅಡಿಯನ್ನು ಒರೆಸಿದೆ. ಅಲಗು ಹೊರಚಾಚುವ ಸೀಳನ್ನು ಬಾಯಿ ಎನ್ನುತ್ತೇವೆ. ಆ ಬಾಯಿಯ ಮೂಲೆಯಿಂದ ಅಂಚಿನವರೆಗೆ ಕೂದಲೆಳೆಯಷ್ಟು ತೆಳ್ಳಗಿನ ಒಂದು ಕಪ್ಪು ಗೆರೆ. ಉಗುರು ಎಳೆದರೆ ತಡೆಯುತ್ತದೆ. ಬಿರುಕು. ಎರಕದ ಕಬ್ಬಿಣ ಬಾಗುವುದಿಲ್ಲ, ಕೈಜಾರಿ ಕಲ್ಲುನೆಲಕ್ಕೆ ಬಿದ್ದರೆ ಅತ್ಯಂತ ತೆಳುವಾದ ಆ ಜಾಗದಲ್ಲೇ ಸೀಳುತ್ತದೆ. ಬೆಸುಗೆ ಹಾಕಿಸಬಹುದು ಎನ್ನುವವರಿದ್ದಾರೆ. ಆ ಬಿಸಿಗೆ ಅಡಿಭಾಗ ತಿರುಚಿಕೊಂಡರೆ ಮತ್ತೆ ನೇರ ಮಾಡುವಷ್ಟರಲ್ಲಿ ಹೊಸದರ ಬೆಲೆ ಮೀರುತ್ತದೆ. ಹೊಸ ಬಣ್ಣ ಕಂಡಾಗ ನನಗೆ ಮೊದಲು ಅನುಮಾನವೇ ಬರುವುದು. ತುಕ್ಕಿಗೆ ಏನನ್ನೂ ಮುಚ್ಚಿಡಲು ಬಾರದು.

ತುಕ್ಕಿನದನ್ನು ಮುನ್ನೂರೈವತ್ತಕ್ಕೆ ಕೊಂಡೆವು. ಕೊಳ್ಳುವ ಮುನ್ನ ಆರಂಗುಲದ ಉಕ್ಕಿನ ಅಳತೆಪಟ್ಟಿಯನ್ನು ಅಡಿಗೆ ಆನಿಸಿ, ಬೆಳಕಿಗೆ ಹಿಡಿದು ನೋಡಿದೆ. ಮಧ್ಯದಲ್ಲಿ ಅಷ್ಟಿಷ್ಟು ಬೆಳಕು ನುಸುಳಿತು. ಅಷ್ಟು ತಗ್ಗಿಗೆ ಹೆದರಬೇಕಿಲ್ಲ, ದಪ್ಪ ಗಾಜಿನ ಮೇಲೆ ಎಮರಿ ಕಾಗದ ಅಂಟಿಸಿ ಒಂದು ಸಂಜೆ ಉಜ್ಜಿದರೆ ಸರಿಹೋಗುತ್ತದೆ. ಹೆದರಬೇಕಾದದ್ದು ಕಳೆದುಹೋದ ಸ್ಕ್ರೂಗಳಿಗೆ. ಇವತ್ತಿನ ಬಹುಪಾಲು ಕಬ್ಬಿಣದ ಕೀಸುಳಿಗಳ ವಿನ್ಯಾಸ ಅಮೆರಿಕದ ಲಿಯೊನಾರ್ಡ್ ಬೈಲಿ ರೂಪಿಸಿದ್ದು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ಪೇಟೆಂಟುಗಳನ್ನು ಕೊಂಡಿತು. ಉಕ್ಕಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ಊರಿನ ರೆಕಾರ್ಡ್, ನಮ್ಮ ದೇಶದ ಅನಂತ್ ಕಂಪನಿಗಳ ಕೀಸುಳಿಗಳೆಲ್ಲವೂ ಅದೇ ಅಚ್ಚಿನವು. ಆದರೆ ಸ್ಟ್ಯಾನ್ಲಿಯ ಹಳೆಯ ಸ್ಕ್ರೂಗಳ ಥ್ರೆಡ್ ಯಾವ ಸಾಮಾನ್ಯ ಅಳತೆಗೂ ಹೊಂದುವುದಿಲ್ಲ. ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಸುತ್ತಿದರೂ ಸಿಗದೆ, ಕೊನೆಗೆ ಲೇತಿನವನ ಕೈಯಲ್ಲಿ ಮಾಡಿಸಿ, ಸ್ಕ್ರೂವಿಗೆ ಕೀಸುಳಿಗಿಂತ ಹೆಚ್ಚು ಕೊಟ್ಟವನು ನಾನು. ಹಿಡಿ ಮುರಿದಿದ್ದರೆ ಬಿಡಿ, ನೀವು ಕಲಿಯಲು ಬಂದಿರುವುದೇ ಮರಗೆಲಸ ತಾನೆ?

ಕೀಸುಳಿಗಳ ಗಾತ್ರವನ್ನು ನಂಬರಿನಿಂದ ಗುರುತಿಸುತ್ತಾರೆ; ಮೊದಲ ಕೀಸುಳಿಯಾಗಿ 4ನೆಯ ನಂಬರಿನದನ್ನೋ 5ನೆಯದನ್ನೋ ಹುಡುಕಿ. ಎರಡಕ್ಕೂ ಅಲಗು ಸಾಮಾನ್ಯವಾಗಿ ಎರಡು ಅಂಗುಲ ಅಗಲ. ಐದನೆಯದು ಸುಮಾರು ಹದಿನಾಲ್ಕು ಅಂಗುಲ ಉದ್ದ, ಉಬ್ಬುತಗ್ಗಿನ ಹಲಗೆಯನ್ನು ಮೊದಲಿಗೆ ಸಮ ಮಾಡಲು ಅನುಕೂಲ. ಮರದ ಕೀಸುಳಿ ಸಿಕ್ಕರೆ ಅದನ್ನೂ ತಾತ್ಸಾರ ಮಾಡಬೇಡಿ. ದೇಹಕ್ಕೆ ಗೆದ್ದಲು ಹಿಡಿದಿದ್ದರೂ ಅದರ ದಪ್ಪ ಅಲಗೊಂದೇ ಕೊಟ್ಟ ದುಡ್ಡಿಗೆ ಬಾಳುತ್ತದೆ.

ಉಳಿಯ ವಿಷಯಕ್ಕೆ ಬರೋಣ. ಇಲ್ಲಿ ಆತುರ ಬೇಡ. ಎಲ್ಲರೂ ಮೊನೆ ನೋಡುತ್ತಾರೆ, ಹೆಬ್ಬೆರಳು ಸವರಿ "ಮೊಂಡು" ಎಂದು ಕೆಳಗಿಡುತ್ತಾರೆ. ಮೊಂಡಾಗಿದ್ದರೆ ಸಾಣೆಕಲ್ಲು ಇದೆಯಲ್ಲ! ನೋಡಬೇಕಾದದ್ದು ಬೆನ್ನನ್ನು, ಅಂದರೆ ಇಳಿಜಾರಿಲ್ಲದ ಸಪಾಟು ಮುಖವನ್ನು. ಹರಿತ ಹುಟ್ಟುವುದು ಎರಡು ನುಣುಪಾದ ಮುಖಗಳು ಕೂಡುವ ಗೆರೆಯಲ್ಲಿ. ಇಳಿಜಾರನ್ನು ಎಷ್ಟು ಮಸೆದರೂ ಬೆನ್ನಿನಲ್ಲಿ ತುಕ್ಕು ತಿಂದ ಗುಳಿಗಳಿದ್ದರೆ, ಆ ಗುಳಿ ಮೊನೆಗೆ ಬಂದಾಗಲೆಲ್ಲ ಅಲ್ಲೊಂದು ಹಲ್ಲು ಮುರಿದಂತಾಗಿ ಮರದ ಮೇಲೆ ಗೀರು ಬೀಳುತ್ತದೆ. ನಾನು ಅಂಗಡಿಯ ಮುಂದೆಯೇ ಕೂತು, ಅನುಮತಿ ಕೇಳಿ, ಮೊನೆಯಿಂದ ಅರ್ಧ ಅಂಗುಲ ಜಾಗವನ್ನು ಎಮರಿ ಚೂರಿನಿಂದ ನಾಲ್ಕು ಬಾರಿ ಉಜ್ಜುತ್ತೇನೆ. ಬೂದುಬಣ್ಣದ ಲೋಹ ಬೇಗ ಕಂಡರೆ ತುಕ್ಕು ಮೇಲಿನದು. ಕಪ್ಪು ಚುಕ್ಕಿಗಳು ಹಾಗೆಯೇ ಉಳಿದರೆ ಒಳಗೆ ಇಳಿದಿದೆ. ಚುಕ್ಕಿಗಳು ಮೊನೆಯ ಹತ್ತಿರ ಮಾತ್ರವಿದ್ದು ಉಳಿ ಉದ್ದವಾಗಿದ್ದರೆ ಅಷ್ಟನ್ನು ಅರೆದು ತೆಗೆಯಬಹುದು. ಅದಕ್ಕೇ ಉದ್ದ ಮುಖ್ಯ. ಹಿಂದಿನ ಯಜಮಾನ ಮಸೆದು ಮಸೆದು ಎರಡಂಗುಲಕ್ಕೆ ಇಳಿಸಿದ ಉಳಿ ಶೆಫೀಲ್ಡಿನದಾದರೇನು, ಅದು ಆಯುಸ್ಸು ಮುಗಿಸಿದ ಜೀವ.

ಇನ್ನೊಂದು ಕಣ್ಣಿಗೆ ಬೀಳುವ ಗುರುತು ನೀಲಿ ಛಾಯೆ. ಯಾರೋ ಅವಸರದಲ್ಲಿ ಗ್ರೈಂಡರಿಗೆ ಹಿಡಿದು ಸುಟ್ಟಿದ್ದಾರೆ ಎಂದರ್ಥ. ಉಳಿಗೆ ಹದ ಕೊಡುವಾಗ, ಅಂದರೆ ಗಡಸು ಮಾಡಿದ ಉಕ್ಕನ್ನು ಮತ್ತೆ ಸ್ವಲ್ಪ ಕಾಯಿಸುವಾಗ, ಕಮ್ಮಾರ ಒಣಹುಲ್ಲಿನ ಹಳದಿ ಬಣ್ಣ ಬಂದೊಡನೆ ನಿಲ್ಲಿಸುತ್ತಾನೆ, ಅದು ಸುಮಾರು 230 ಡಿಗ್ರಿ ಸೆಲ್ಸಿಯಸ್. ನೀಲಿ ಬಂತೆಂದರೆ 300ರ ಹತ್ತಿರ ಹೋಗಿದೆ, ಹದ ಇಳಿದಿದೆ. ಅಂಥ ಮೊನೆ ತೇಗದ ಗಂಟು ತಾಗಿದರೆ ಮಡಚಿಕೊಳ್ಳುತ್ತದೆ. ಅನುಮಾನವಿದ್ದರೆ ಲೋಹ ಉಜ್ಜುವ ಚಿಕ್ಕ ಅರವನ್ನು (ಫೈಲ್) ಮೂಲೆಗೆ ತಾಗಿಸಿ ನೋಡಿ: ಹದವಿದ್ದರೆ ಅರ ಜಾರುತ್ತದೆ, ಹದವಿಲ್ಲದಿದ್ದರೆ ಕಚ್ಚಿಕೊಂಡು ಪುಡಿ ಉದುರಿಸುತ್ತದೆ. ಹಳೆಯ ಕೆಲವು ಉಳಿಗಳ ಇಳಿಜಾರನ್ನು ಉಜ್ಜಿದಾಗ ಎರಡು ಬಣ್ಣ ಕಾಣುತ್ತದೆ. ಮೆತ್ತನೆಯ ಕಬ್ಬಿಣಕ್ಕೆ ಗಟ್ಟಿ ಉಕ್ಕಿನ ತೆಳುಪದರ ಬೆಸೆದದ್ದು ಅದು. ಉಕ್ಕು ದುಬಾರಿಯಾಗಿದ್ದ ಕಾಲದ ಜಾಣತನ. ಆ ಗೆರೆ ಕಂಡರೆ ನಾನು ಚೌಕಾಸಿಯನ್ನು ಅರ್ಧಕ್ಕೇ ನಿಲ್ಲಿಸುತ್ತೇನೆ. ಹಾಗೆಂದು ಮುಖದಲ್ಲಿ ತೋರಿಸುವುದಿಲ್ಲ.

ಕೆಲವು ಉಪಕರಣಗಳ ಮೇಲೆ ಸಣ್ಣದೊಂದು ಬಾಣದ ಗುರುತು ಇರುತ್ತದೆ. ಬ್ರಿಟಿಷ್ ಸರ್ಕಾರದ ಸ್ವತ್ತು ಎಂಬ ಮುದ್ರೆ ಅದು. ದಂಡಿನ ಸಾಮಾನು, ಪುರಾತನ ವಸ್ತು ಎಂದು ಅದಕ್ಕೆ ದುಪ್ಪಟ್ಟು ಹೇಳುತ್ತಾರೆ. ಬಾಣ ಇದ್ದ ಮಾತ್ರಕ್ಕೆ ಉಳಿ ಚೆನ್ನಾಗಿ ಕೊರೆಯುವುದಿಲ್ಲ. ಸಂಗ್ರಹಕಾರರು ಕೊಂಡುಕೊಳ್ಳಲಿ.

ಗರಗಸದ ಪರೀಕ್ಷೆ ಸುಲಭ. ಹಿಡಿಯ ಕಡೆಯಿಂದ ಹಲ್ಲಿನ ಸಾಲನ್ನು ಬಂದೂಕಿನ ಗುರಿಯಂತೆ ನೋಡಿ, ಆಮೇಲೆ ತಗಡನ್ನು ಮೆಲ್ಲಗೆ ಬಾಗಿಸಿ ಬಿಡಿ. ಟಣ್ಣನೆ ನೇರಕ್ಕೆ ಮರಳಿದರೆ ಸರಿ, ಎಲ್ಲಾದರೂ ಮುರಿ ಬಿದ್ದಿದ್ದರೆ ಅಲ್ಲಿಗೇ ಬಿಡಿ. ಹಲ್ಲು ಸವೆದಿದ್ದರೆ ಮುಕ್ಕೋನೆಯ ಅರದಿಂದ ಮತ್ತೆ ಎಬ್ಬಿಸಬಹುದು, ಆದರೆ ಹೊಸಬರಿಗೆ ಅದು ಎರಡು ಸಂಜೆಯ ಕೆಲಸ, ತಾಳ್ಮೆಯ ಪರೀಕ್ಷೆ. ಲಂಬಕೋನ ನೋಡುವ ಮೂಲೆಮಟ್ಟವನ್ನು ಹಲಗೆಯ ನೇರ ಅಂಚಿಗೆ ಆನಿಸಿ ಗೆರೆ ಎಳೆದು, ಮಗುಚಿ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾಗದಿದ್ದರೆ ಕೊಳ್ಳಬೇಡಿ. ಹಳೆಯ ಅರವನ್ನಂತೂ ಮುಟ್ಟಲೇಬೇಡಿ. ಸವೆದ ಅರದಿಂದ ಉಳಿ ಮಾಡಬಲ್ಲ ಕಮ್ಮಾರ ಪರಿಚಯವಿದ್ದರೆ ಮಾತು ಬೇರೆ. ಮರ ಕೆತ್ತುವ ಬಾಚಿಯನ್ನು ನಾನು ಗುಜರಿಯಲ್ಲಿ ಹುಡುಕುವುದೇ ಇಲ್ಲ, ಊರ ಸಂತೆಯಲ್ಲಿ ಲಾರಿಯ ಕಮಾನುಪಟ್ಟಿಯಿಂದ ಬಡಿದದ್ದು ಹೊಸದಾಗಿಯೇ ಅಗ್ಗಕ್ಕೆ ಸಿಗುತ್ತದೆ.

ಮನೆಗೆ ತಂದ ಮೇಲೆ ತುಕ್ಕು ತೆಗೆಯಲು ದುಬಾರಿ ದ್ರಾವಣ ಬೇಡ. ನೆನೆಸಿ ಕಿವುಚಿದ ಹುಣಸೆಹುಳಿಯಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ ಹಿತ್ತಾಳೆ ಚೊಂಬು ಬೆಳಗುವ ಆ ಹುಳಿಯೇ ತುಕ್ಕನ್ನೂ ಸಡಿಲಿಸುತ್ತದೆ. ಬೆಳಿಗ್ಗೆ ತೆಂಗಿನ ನಾರಿನಿಂದ ತಿಕ್ಕಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ತಡಮಾಡದೆ ಒರೆಸಿ ಒಣಗಿಸಿ. ಹುಳಿ ಉಳಿದರೆ, ತೇವ ಉಳಿದರೆ ಮಧ್ಯಾಹ್ನದೊಳಗೆ ಕಿತ್ತಳೆ ಬಣ್ಣದ ಹೊಸ ತುಕ್ಕು ಹಾಜರ್. ಕೊನೆಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ. ಆ ಮುನ್ನೂರೈವತ್ತರ ಕೀಸುಳಿಗೆ ಹುಡುಗ ನಾಲ್ಕು ಸಂಜೆ ಕೊಟ್ಟ. ಐದನೆಯ ಸಂಜೆ ಹಲಸಿನ ಹಲಗೆಯಿಂದ ಈರುಳ್ಳಿ ಸಿಪ್ಪೆಯಂಥ ಸುರುಳಿ ಎದ್ದಿತು. ಬಜಾರಿನಲ್ಲಿ ಬೆಲೆ ಹೇಳುವಾಗ ಈ ಸಂಜೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಗೆ ಹಿಡಿದರೆ ಒಂದು ಭಾನುವಾರಕ್ಕೆ ಒಂದೇ ಉಪಕರಣ ಸಾಕೆನಿಸುತ್ತದೆ. ಮೂಟೆ ಕಟ್ಟಿ ತಂದವರ ಮನೆಯಲ್ಲಿ ಆ ಮೂಟೆ ಬಿಚ್ಚದೆ ಬಿದ್ದಿರುವುದನ್ನು ನೋಡಿದ್ದೇನೆ. ನನ್ನ ಮನೆಯಲ್ಲೂ ಒಂದಿದೆ.

ಬಜಾರಿಗಿಂತ ಒಳ್ಳೆಯ ಮಾಲು ಇರುವುದು ಕೆಲಸ ಬಿಟ್ಟ ಹಿರಿಯ ಆಚಾರ್ರ ಮನೆಯಲ್ಲಿ. ಆದರೆ ಅಲ್ಲಿ ಬೆಲೆ ಕೇಳಿದವರಿಗೆ ಬರಿಗೈ. ನಮ್ಮ ಬೀದಿಯ ಹಿರಿಯರೊಬ್ಬರ ಪೆಟ್ಟಿಗೆಯಲ್ಲಿ ಒಂದೂವರೆ ಅಂಗುಲದ ಉಳಿ ಕಂಡು ಎರಡು ವರ್ಷ ಸುಮ್ಮನೆ ಹೋಗಿ ಬಂದು ಮಾಡಿದೆ. ಒಂದು ದಿನ ಎಲೆ ಅಡಿಕೆಯ ತಟ್ಟೆ ಮುಂದಿಟ್ಟು, "ಆಚಾರ್ರೇ, ನನಗೊಂದು ಕೆಲಸಕ್ಕೆ ಬೇಕಿತ್ತು" ಎಂದೆ. ಹಣ ಮುಟ್ಟಲಿಲ್ಲ. "ತೆಗೆದುಕೊಂಡು ಹೋಗು. ಸಾಣೆ ಹಿಡಿದ ಮೇಲೆ ಒಮ್ಮೆ ತಂದು ತೋರಿಸು" ಎಂದರು. ತಿಂಗಳು ಬಿಟ್ಟು ಕನ್ನಡಿಯಂತೆ ಹೊಳೆಯಿಸಿ ಒಯ್ದೆ. ಮುಂಗೈಯ ಕೂದಲು ಬೋಳಿಸಿ ನೋಡಿದರು, ತಿರುಗಿಸಿದರು, ಬೆನ್ನನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಆಮೇಲೆ ಮರಳಿ ನನ್ನ ಕೈಗಿಟ್ಟು, "ಎಡಗಡೆಯ ಮೂಲೆ ಇನ್ನೂ ಕಲ್ಲಿಗೆ ತಾಗಿಲ್ಲ ಮಗು" ಎಂದರು.