ತಣ್ಣಗಾದ ಲಿನಕ್ಸ್ ಬಳಗಕ್ಕೆ ಮತ್ತೆ ಜನ ಬರ್ತಾರಾ?

ಪ್ರಶ್ನೆ: ಎಂಟು ವರ್ಷದಿಂದ ಒಂದೇ ಲಿನಕ್ಸ್ ಬಳಸ್ತಾ ಇದ್ದೀನಿ. ಮೊದಲು ಏನು ಕೇಳಿದ್ರೂ ನಾಲ್ಕು ಜನ ಉತ್ತರ ಕೊಡ್ತಿದ್ರು. ಈಗ ಕೇಳಿದ್ದು ಕೇಳಿದ ಹಾಗೇ ಬಿದ್ದಿರುತ್ತೆ. ನನಗೆ ಕೋಡ್ ಬರೆಯೋಕೆ ಬರಲ್ಲ. ಇಂಥ ಬಳಗಕ್ಕೆ ಮತ್ತೆ ಜೀವ ಬರುತ್ತಾ? ನನ್ನಂಥವರಿಂದ ಏನಾದ್ರೂ ಆಗುತ್ತಾ?

ಉತ್ತರ: ಬರುತ್ತದೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಕತೆ ಮುಗಿಯಿತು ಅಂದುಕೊಂಡಿದ್ದ ಬಳಗಗಳು ಎದ್ದು ಕೂತಿದ್ದನ್ನು ನೋಡಿದ್ದೇವೆ. ಅಂಥ ಎರಡು ಕತೆ ಹೇಳುತ್ತೇನೆ. ಒಂದರಲ್ಲಿ ಡಿಸ್ಟ್ರೋ (ಕಂಪ್ಯೂಟರ್ ನಡೆಸಲು ವಿಂಡೋಸ್ ಬದಲು ಹಾಕುವ ಲಿನಕ್ಸಿನ ಒಂದು ಸಿದ್ಧ ರೂಪ) ಹೋಯಿತು, ಜನ ಉಳಿದರು. ಇನ್ನೊಂದರಲ್ಲಿ ಜನ ಇದ್ದರು, ಅವರ ಕೈಯಲ್ಲಿ ಬೀಗದಕೈ ಇರಲಿಲ್ಲ.

ಆರ್ಚ್ ಲಿನಕ್ಸ್ ಬೇಕು, ಆದರೆ ಅದನ್ನು ಇನ್‌ಸ್ಟಾಲ್ ಮಾಡುವ ತಲೆನೋವು ಬೇಡ ಅನ್ನುವವರಿಗೆ ಆಂಟರ್ಗೋಸ್ ಅಂತ ಒಂದು ಡಿಸ್ಟ್ರೋ ಇತ್ತು. 2012ರಲ್ಲಿ ಸಿನ್ನಾರ್ಚ್ ಅನ್ನುವ ಹೆಸರಲ್ಲಿ ಶುರುವಾದದ್ದು. 2019ರ ಮೇ 21ರಂದು ಅದನ್ನು ನಡೆಸುತ್ತಿದ್ದವರು, ಸಮಯ ಸಾಲುತ್ತಿಲ್ಲ, ಅರೆಬರೆ ನಡೆಸುವುದಕ್ಕಿಂತ ನಿಲ್ಲಿಸುವುದೇ ವಾಸಿ ಅಂತ ಹೇಳಿ ಬಾಗಿಲು ಹಾಕಿದರು. ಅಲ್ಲಿ ದಿನಾ ಬಂದವರ ಪ್ರಶ್ನೆ ಬಿಡಿಸುತ್ತಿದ್ದ ಕೆಲವು ಮಾಡರೇಟರ್‌ಗಳಿಗೆ ಡಿಸ್ಟ್ರೋ ಹೋಯಿತು ಅನ್ನುವುದಕ್ಕಿಂತ, ಇಷ್ಟು ವರ್ಷ ಜೊತೆಗಿದ್ದವರು ಚದುರಿಹೋಗುತ್ತಾರಲ್ಲ ಅನ್ನುವುದೇ ದೊಡ್ಡ ಚಿಂತೆಯಾಯಿತು. ಎರಡು ತಿಂಗಳು ತುಂಬುವ ಮೊದಲೇ, ಜುಲೈ 15ಕ್ಕೆ ಅವರದೇ ಹೊಸ ಡಿಸ್ಟ್ರೋ ಎಂಡೆವರ್‌ಓಎಸ್ ಬಂತು. ಮೊದಲ ಐಎಸ್‌ಒದಲ್ಲಿ (ಇನ್‌ಸ್ಟಾಲ್ ಮಾಡುವ ಫೈಲಿನಲ್ಲಿ) ಇದ್ದ ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲೆ ಕಾಣುವ ಮೆನು, ಕಿಟಕಿಗಳ ವ್ಯವಸ್ಥೆ, ಎಕ್ಸ್‌ಎಫ್‌ಸಿಇ ಒಂದೇ. ಅದು ಸಾಕಾಗಿತ್ತು. ಜನ ಒಟ್ಟಿಗೆ ಇರೋಕೆ ಒಂದು ಚಾವಡಿ ಬೇಕಿತ್ತು, ಸಿಕ್ಕಿತು.

ಇದೇ ಬಳಗ 2024ರಲ್ಲಿ ಇನ್ನೊಂದು ಕೆಲಸ ಮಾಡಿತು. ಎಆರ್‌ಎಂ ಕಂಪ್ಯೂಟರ್‌ಗಳ (ಫೋನಿನಲ್ಲಿರುವಂಥ ಚಿಪ್ ಇರುವವುಗಳ) ಆವೃತ್ತಿಯನ್ನು ನೋಡಿಕೊಳ್ಳಲು ಕೈ ಸಾಲದೆ ಹೋದಾಗ ಅದನ್ನು ನಿಲ್ಲಿಸುತ್ತೇವೆ ಅಂತ ಹೇಳಿಬಿಟ್ಟರು. ಸೋತ ಹಾಗೆ ಕಾಣುತ್ತದೆ, ಅಲ್ವಾ? ನನಗೆ ಹಾಗನ್ನಿಸುವುದಿಲ್ಲ. ಹತ್ತು ಆವೃತ್ತಿ ಇಟ್ಟುಕೊಂಡು ಯಾವುದಕ್ಕೂ ಉತ್ತರ ಕೊಡದೆ ಇರುವ ಬಳಗಕ್ಕಿಂತ, ಎರಡೇ ಇಟ್ಟುಕೊಂಡು ಕೇಳಿದವರಿಗೆ ಮರುದಿನದೊಳಗೆ ಉತ್ತರ ಕೊಡುವ ಬಳಗ ಜಾಸ್ತಿ ದಿನ ಬಾಳುತ್ತದೆ.

ಇನ್ನೊಂದು ಕತೆ ಸೋಲಸ್ ಅನ್ನುವ ಡಿಸ್ಟ್ರೋದ್ದು. ಬಜ್ಜಿ ಡೆಸ್ಕ್‌ಟಾಪ್ ಹುಟ್ಟಿದ್ದು ಇಲ್ಲೇ. (ತಿನ್ನುವ ಬಜ್ಜಿ ಅಲ್ಲ, ಗಿಳಿ ಜಾತಿಯ ಪುಟ್ಟ ಹಕ್ಕಿಯ ಹೆಸರು.) 2018ರಲ್ಲಿ ಸ್ಥಾಪಕರು ದೂರ ಸರಿದಾಗ, ಉಳಿದವರು ಹಳೆಯ ವಿಳಾಸ ಬಿಟ್ಟು ಹೊಸ ಡೊಮೇನ್‌ಗೆ ಹೋಗಬೇಕಾಯಿತು. ಅದೊಂದು ಎಚ್ಚರಿಕೆಯಾಗಿತ್ತು. 2023ರ ಜನವರಿ ಕೊನೆಯಲ್ಲಿ ಸರ್ವರ್‌ಗಳು ಕೈಕೊಟ್ಟವು. ಜನ ಮಾತಾಡುವ ಜಾಗವೂ ಹೋಯಿತು, ಬಗ್, ಅಂದರೆ ಕಂಡ ದೋಷ, ಬರೆಯುವ ಜಾಗವೂ ಹೋಯಿತು. ನಾಳೆ ಸರಿಯಾಗುತ್ತೆ, ನಾಡಿದ್ದು ಸರಿಯಾಗುತ್ತೆ ಅಂತ ಕಾದು ವಾರಗಳು ತಿಂಗಳಾದವು. ಬಳಕೆದಾರರ ಕಂಪ್ಯೂಟರ್ ಬೆಳಿಗ್ಗೆ ಎಂದಿನಂತೆ ಆನ್ ಆಗುತ್ತಿತ್ತು. ಹೊಸ ಅಪ್‌ಡೇಟ್ ಮಾತ್ರ ಇಲ್ಲ, ಯಾರನ್ನು ಕೇಳಬೇಕು ಅಂತಲೂ ಗೊತ್ತಿಲ್ಲ. ಸರ್ವರ್‌ನ ಬೀಗದಕೈ ಕೈಯಲ್ಲಿ ಇಲ್ಲದ್ದರಿಂದ ಸಹಾಯ ಮಾಡಲು ಬಂದವರೂ ಹೊರಗೇ ನಿಲ್ಲಬೇಕಾಯಿತು.

ಏಪ್ರಿಲ್‌ನಲ್ಲಿ ಹಳಬರು ಕೆಲವರು ಮರಳಿ ಬಂದರು. ಜುಲೈನಲ್ಲಿ 4.4 ಆವೃತ್ತಿ ಬಂತು. ಅದಕ್ಕೆ ಮೊದಲಿನದು 4.3, ಅದು ಬಂದು ಆಗಲೇ ಎರಡು ವರ್ಷವಾಗಿತ್ತು. ಸುದ್ದಿಯಾದದ್ದು ಈ ಹೊಸ ಆವೃತ್ತಿ. ನನ್ನ ಪ್ರಕಾರ ಬಳಗವನ್ನು ಎತ್ತಿ ನಿಲ್ಲಿಸಿದ್ದು ಅದಲ್ಲ, ಸದ್ದಿಲ್ಲದೆ ಆದ ಎರಡು ಬದಲಾವಣೆ. ಪ್ಯಾಕೇಜುಗಳ (ಇನ್‌ಸ್ಟಾಲ್ ಮಾಡಲು ಸಿದ್ಧಮಾಡಿದ ಸಾಫ್ಟ್‌ವೇರ್‌ಗಳ) ಕೆಲಸವನ್ನು ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ಗೆ ತಂದರು, ಅಂದರೆ ಹೊಸಬರಿಗೆ ಈಗಾಗಲೇ ಗೊತ್ತಿರುವ ಜಾಗಕ್ಕೆ. ಮತ್ತೆ ವಾರಕ್ಕೊಮ್ಮೆ, ಶುಕ್ರವಾರ, ಅಪ್‌ಡೇಟ್ ಬರುವ ರೂಢಿ ಮತ್ತೆ ಶುರುವಾಯಿತು. ಊರಿನ ಸಂತೆಯ ಹಾಗೆ. ಇಂಥ ದಿನ ಸಂತೆ ಇದ್ದೇ ಇರುತ್ತದೆ ಅಂತ ಗೊತ್ತಿದ್ದರೆ ಜನ ತಾವಾಗಿ ಬರುತ್ತಾರೆ.

ಸರಿ, ಇದೆಲ್ಲ ನಡೆಸುವವರ ಮಾತಾಯಿತು. ನೀವು ಕೇಳಿದ್ದು ನಿಮ್ಮಿಂದ ಏನಾಗುತ್ತದೆ ಅಂತ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಡಿಸ್ಟ್ರೋ ಇನ್‌ಸ್ಟಾಲ್ ಮಾಡುವಾಗ ಭಾಷೆ ಕನ್ನಡ ಅಂತ ಆರಿಸಿದೆ. ಡಿಸ್ಕ್ ಹಂಚುವ ಪರದೆಯಲ್ಲಿ "20 ಜಿಬಿ ಉಚಿತ ಸ್ಥಳ" ಅಂತ ಬಂತು. ನನ್ನ ಡಿಸ್ಕು, ನನ್ನ ದುಡ್ಡು, ಅದರಲ್ಲಿ ಉಚಿತ ಯಾವುದು ಅಂತ ನಗು ಬಂತು. "ಖಾಲಿ ಜಾಗ" ಅಂತಿರಬೇಕಿತ್ತು. ಅದರ ಕೆಳಗೆ ಒಂದು ಬಟನ್ "ಮುಂದೆ", ಪಕ್ಕದ್ದು ಇನ್ನೂ ಇಂಗ್ಲಿಷಲ್ಲೇ ಇತ್ತು. ಸ್ಕ್ರೀನ್‌ಶಾಟ್ ತೆಗೆದು, ಸರಿಯಾದ ಮಾತು ಏನು ಅಂತಲೂ ಬರೆದು ಬಗ್ ಹಾಕಿದೆ. ಒಂದೂವರೆ ವರ್ಷ ಯಾರೂ ಮಾತಾಡಲಿಲ್ಲ. ಆಮೇಲೆ ಒಂದು ದಿನ ಮೇಲ್ ಬಂತು: ಈ ಆವೃತ್ತಿಯ ಅವಧಿ ಮುಗಿದಿದೆ, ಆದ್ದರಿಂದ ಈ ಬಗ್ ಮುಚ್ಚಲಾಗಿದೆ. ಕಳಿಸಿದ್ದು ಮನುಷ್ಯರಲ್ಲ, ಒಂದು ಸ್ಕ್ರಿಪ್ಟ್. ಅವತ್ತಿನಿಂದ ಆ ಕಡೆ ತಲೆ ಹಾಕಿಲ್ಲ.

ಅದೇ ಥರದ ತಪ್ಪನ್ನು ಇನ್ನೊಂದು ಕಡೆ ಬರೆದಾಗ, ಸಂಜೆಯೊಳಗೆ ಯಾರೋ ಒಬ್ಬರು ಕೇಳಿದರು: ನಿಮ್ಮ ಕಡೆ ಜನ ಇದಕ್ಕೆ ಏನಂತಾರೆ? ಇನ್ನೂ ಇಂಥವು ಇದ್ದರೆ ಒಂದು ಪಟ್ಟಿ ಕೊಡ್ತೀರಾ? ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಕೇಳಿದರು. ಆ ವಾರವೇ ಹದಿನೇಳು ಸಾಲು ತಿದ್ದಿ ಕಳಿಸಿದೆ. ನನಗೂ ಕೋಡ್ ಅಷ್ಟಕ್ಕಷ್ಟೇ. ಅಲ್ಲಿ ಬೇಕಾಗಿದ್ದುದು ಕನ್ನಡ.

ಎರಡಕ್ಕೂ ಇದ್ದ ವ್ಯತ್ಯಾಸ ಒಂದೇ ಒಂದು ಉತ್ತರ. ಬಳಗ ಕರಗುವುದು ಹಳಬರು ಬಿಟ್ಟುಹೋಗುವುದರಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಳಬರು ಹೋಗೇ ಹೋಗುತ್ತಾರೆ, ಮದುವೆ, ಮಕ್ಕಳು, ಕೆಲಸ ಅಂತ. ಹೊಸದಾಗಿ ಬಂದವರ ಮೊದಲ ಮಾತಿಗೆ ಓ ಅನ್ನುವವರು ಇಲ್ಲದಿದ್ದರೆ ಅವರ ಜಾಗ ತುಂಬುವುದಿಲ್ಲ. ಹಾಗಾಗಿ ನೀವು ಮಾಡಬಹುದಾದ ಮೊದಲ ಕೆಲಸ ಇದು. ವಾರಕ್ಕೆ ಒಂದು ಗಂಟೆ ಕೂತು, ಯಾರೂ ಉತ್ತರಿಸದ ಪ್ರಶ್ನೆಗಳನ್ನು ನೋಡಿ. ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. "ನನ್ನ ಲ್ಯಾಪ್‌ಟಾಪಲ್ಲೂ ಹೀಗೇ ಆಗ್ತಿದೆ, ನಿಮ್ಮದು ಯಾವ ಮಾಡೆಲ್, ವೈಫೈ ಕಾರ್ಡ್ ಯಾವುದು?" ಅಂತ ಕೇಳಿದರೂ ಸಾಕು. ನೋಡುವವರಿಗೆ ಈ ಅಂಗಡಿ ತೆರೆದಿದೆ ಅಂತ ಗೊತ್ತಾಗುತ್ತದೆ. "ಮೊದಲು ಮ್ಯಾನುಯಲ್ ಓದಿ" ಅನ್ನುವ ಉತ್ತರ ಮಾತ್ರ ಬೇಡ. ಅದನ್ನು ಕೇಳಿ ಓಡಿಹೋದವರ ಲೆಕ್ಕ ಇಟ್ಟವರು ಯಾರೂ ಇಲ್ಲ.

ಹಾಗೇ ಸಣ್ಣ ಕೆಲಸಗಳ ಪಟ್ಟಿ ಇದ್ದರೆ ಹೊಸಬರು ಬೇಗ ಅಂಟಿಕೊಳ್ಳುತ್ತಾರೆ. 2009ರಲ್ಲಿ ಉಬುಂಟು ಡಿಸ್ಟ್ರೋದ 9.10 ಆವೃತ್ತಿಗಾಗಿ ನೂರು "ಪೇಪರ್‌ಕಟ್" ಅನ್ನುವ ಯೋಜನೆ ಮಾಡಿದ್ದರು. ಕಾಗದ ತಾಗಿ ಬೆರಳಿಗೆ ಆಗುವ ಗೀರಿನ ಹಾಗೆ, ಸಣ್ಣದು ಆದರೆ ದಿನಾ ಉರಿಯುವ ನೂರು ತೊಂದರೆ ಹುಡುಕಿ ಸರಿಮಾಡುವುದು. ಹುಡುಕೋಕೆ ಕೋಡ್ ಬರಬೇಕಿಲ್ಲ, ದಿನಾ ಬಳಸುತ್ತಿದ್ದರೆ ಸಾಕು.

ಉಬುಂಟು ಅಂದಾಗ ನಮ್ಮ ಕಡೆಯ ಅನೇಕರಿಗೆ ನೆನಪಾಗುವುದು ಸಿಡಿ. ಅದನ್ನು ಮಾಡುವ ಕ್ಯಾನೊನಿಕಲ್ ಕಂಪನಿ ಶಿಪ್‌ಇಟ್ ಅನ್ನುವ ಹೆಸರಲ್ಲಿ ಕೇಳಿದವರ ಮನೆಗೆ ಪುಕ್ಕಟೆ ಸಿಡಿ ಕಳಿಸುತ್ತಿತ್ತು. ಹಾಸ್ಟೆಲಿಗೆ ಪೋಸ್ಟಲ್ಲಿ ಲಕೋಟೆ ಬಂದರೆ ರೂಮ್ ರೂಮಿಗೆ ಹಂಚೋದು. 2011ರ ಏಪ್ರಿಲ್‌ನಲ್ಲಿ ಅದು ನಿಂತಿತು. ಬೆಂಗಳೂರಿನಲ್ಲಿ 2001ರಲ್ಲಿ ಲಿನಕ್ಸ್ ಬ್ಯಾಂಗಲೋರ್ ಅಂತ ಶುರುವಾಗಿ ಆಮೇಲೆ ಫಾಸ್ ಡಾಟ್ ಇನ್ ಆದ ದೊಡ್ಡ ಸಮಾವೇಶವೂ 2012ಕ್ಕೆ ಮುಗಿಯಿತು. ಆಗಲೇ ಇಂಟರ್ನೆಟ್ ವೇಗವಾಗಿತ್ತು, ಸಿಡಿ ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಸಿಡಿ ಕೊಡುವ ನೆಪದಲ್ಲಿ ಪಕ್ಕದಲ್ಲಿ ಕೂತು, "ಎಫ್12 ಒತ್ತು, ಈಗ ನೋಡು" ಅಂತ ಬೂಟ್ ಮಾಡಿ ತೋರಿಸುತ್ತಿದ್ದ ಹುಡುಗನ ಜಾಗಕ್ಕೆ ಡೌನ್‌ಲೋಡ್ ಲಿಂಕ್ ಬರಲಿಲ್ಲ.

ಆ ಹುಡುಗನಿಗೆ ಈಗ ಮತ್ತೆ ಕೆಲಸ ಇದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಮೆಷಿನ್ ಗಟ್ಟಿಯಾಗಿದೆ, ಸಾಫ್ಟ್‌ವೇರ್‌ಗೆ ಮಾತ್ರ ವಯಸ್ಸಾಯಿತು. ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ ಕೆಡಿಇ ಮುಂತಾದ ಬಳಗಗಳು "ಎಂಡ್ ಆಫ್ 10" ಅನ್ನುವ ಅಭಿಯಾನ ಮಾಡಿದ್ದೂ ಇದಕ್ಕೇ: ನಿಮ್ಮ ಹತ್ತಿರದಲ್ಲಿ ಲಿನಕ್ಸ್ ಹಾಕಿಕೊಡುವವರು ಯಾರು ಅಂತ ತೋರಿಸುವುದು. ಒಂದು ಪೆನ್‌ಡ್ರೈವ್ ಇಟ್ಟುಕೊಳ್ಳಿ. ಕನ್ನಡ ಟೈಪ್ ಮಾಡಲು ಐಬಸ್‌ನಲ್ಲಿ (ಲಿನಕ್ಸಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಸಾಫ್ಟ್‌ವೇರ್) ಕೆಜಿಪಿ ಕೀಲಿಮಣೆ ಸೇರಿಸಿ ತೋರಿಸಿ, ನುಡಿ ಬಳಸಿದವರ ಬೆರಳಿಗೆ ಅದೇ ರೂಢಿ ಇರುತ್ತದೆ. ಪ್ರಿಂಟರ್ ನಡೆಯುತ್ತಾ ಅಂತ ಅವತ್ತೇ ನೋಡಿಬಿಡಿ. ಎರಡನೇ ವಾರ ಫೋನ್ ಬರುವುದು ಪ್ರಿಂಟರ್ ವಿಷಯಕ್ಕೇ.

ಇನ್ನೊಂದು ಕೆಲಸ ಇವತ್ತೇ ಮಾಡಬಹುದು. ನಿಮ್ಮ ಬಳಗದ ಟೆಲಿಗ್ರಾಂ ಗುಂಪಿಗೆ ಅಡ್ಮಿನ್ ಎಷ್ಟು ಜನ ಇದ್ದಾರೆ ನೋಡಿ. ಒಬ್ಬರೇ ಇದ್ದು, ಅವರು ಕೊನೆಗೆ ಮಾತಾಡಿ ಆರು ತಿಂಗಳಾಗಿದ್ದರೆ ಒಂದು ಮೆಸೇಜ್ ಹಾಕಿ: "ಸರ್, ಹೇಗಿದ್ದೀರಾ? ನಿಮಗೆ ಬಿಡುವಿಲ್ಲ ಅಂತ ಗೊತ್ತು. ನನ್ನನ್ನೂ ಇನ್ನೊಬ್ಬರನ್ನೂ ಅಡ್ಮಿನ್ ಮಾಡ್ತೀರಾ? ಡೊಮೇನ್ ಯಾರ ಹೆಸರಲ್ಲಿದೆ, ಯಾವಾಗ ರಿನ್ಯೂ ಮಾಡಬೇಕು ಅಂತಲೂ ಹೇಳಿ, ಬರೆದಿಟ್ಟುಕೊಳ್ತೀನಿ."