ಯಾವ ಮೆಮೊರಿ ಹತ್ತಿರ ಎಂದು ಕರ್ನೆಲ್‌ಗೆ ಯಾರು ಹೇಳಬೇಕು?

ಕಂಪ್ಯೂಟರಿನ ಒಳಗೆ ಹತ್ತಿರ, ದೂರ ಅಂತೆಲ್ಲ ಇದೆಯಾ? ಇರುವುದೇ ಒಂದು ಪೆಟ್ಟಿಗೆ, ಅದರಲ್ಲಿ ಎಷ್ಟು ದೂರ ಇದ್ದೀತು ಎಂದು ಯಾರಿಗೂ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು. ಅಷ್ಟು ಹೊತ್ತಿನಲ್ಲಿ ಬೆಳಕೇ ಸಾಗುವುದು ಸುಮಾರು 30 ಸೆಂಟಿಮೀಟರ್. 3 ಗಿಗಾಹರ್ಟ್ಸ್ ಪ್ರೊಸೆಸರಿನ ಗಡಿಯಾರ ಅದೇ ಹೊತ್ತಿನಲ್ಲಿ ಮೂರು ಸಲ ಬಡಿದಿರುತ್ತದೆ. ಇಷ್ಟು ವೇಗದಲ್ಲಿ ಕೆಲಸ ಮಾಡುವ ಯಂತ್ರಕ್ಕೆ ಬೋರ್ಡಿನ ಈ ತುದಿಯಿಂದ ಆ ತುದಿ ದೂರವೇ.

ದೊಡ್ಡ ಸರ್ವರ್‌ಗಳಲ್ಲಿ ಒಂದೇ ಬೋರ್ಡಿನ ಮೇಲೆ ಎರಡು ಪ್ರೊಸೆಸರ್ ಇರುವುದುಂಟು. ಹಿಂದೆ ಇಂಥ ಸಾಮಾನ್ಯ ಸರ್ವರ್‌ಗಳಲ್ಲಿ ಎರಡೂ ನಡುವಿನ ಒಂದು ಚಿಪ್ ದಾಟಿಯೇ ಮೆಮೊರಿಗೆ ಹೋಗುತ್ತಿದ್ದವು. ಎರಡಕ್ಕೂ ಅದು ಸಮಾನ ದೂರ. 2003ರಲ್ಲಿ ಎಎಂಡಿ ಕಂಪನಿ ತನ್ನ ಆಪ್ಟೆರಾನ್ ಪ್ರೊಸೆಸರಿನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗವನ್ನು ಪ್ರೊಸೆಸರಿನ ಒಳಗೇ ತಂದಿತು. 2008ರ ನೆಹಲೆಮ್ ಪೀಳಿಗೆಯಿಂದ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಅಲ್ಲಿಗೆ ಪ್ರತಿ ಪ್ರೊಸೆಸರಿಗೂ ತನ್ನದೇ ಪಕ್ಕದ ಮೆಮೊರಿ ಬಂತು. ಇನ್ನೊಂದರ ಮೆಮೊರಿಯೂ ಸಿಗುತ್ತದೆ, ಆದರೆ ಎರಡರ ನಡುವಿನ ಕೊಂಡಿ ದಾಟಿ ಹೋಗಬೇಕು. ಪಕ್ಕದ ಮೆಮೊರಿಯಿಂದ ತರಲು 80ರಿಂದ 100 ನ್ಯಾನೊಸೆಕೆಂಡ್ ಹಿಡಿದರೆ, ಆಚೆಯದರಿಂದ ತರಲು 130, 150 ಆಗಬಹುದು. ಯಂತ್ರದಿಂದ ಯಂತ್ರಕ್ಕೆ ಇದು ಬದಲಾಗುತ್ತದೆ. ಈ ಏರ್ಪಾಡಿಗೆ ನ್ಯೂಮಾ ಎಂದು ಹೆಸರು. ಒಂದು ಪ್ರೊಸೆಸರ್ ಮತ್ತು ಅದರ ಪಕ್ಕದ ಮೆಮೊರಿ ಸೇರಿದರೆ ಒಂದು ನೋಡ್.

ನಮ್ಮ ಕಾಸರಗೋಡಿನ ಗುಡ್ಡದ ತೋಟಗಳನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಬಂದು ಟಾಂಕಿ ತುಂಬುತ್ತದೆ. ಒಂದೇ ಮನೆಯವರಿಗೆ ತೋಡಿನ ಆಚೆ ಒಂದು ಸುರಂಗ, ಈಚೆ ಒಂದು ಸುರಂಗ ಇದೆ ಎಂದುಕೊಳ್ಳಿ. ನಡುವೆ ಒಂದು ಪೈಪು. ಆಚೆಯ ಟಾಂಕಿಯ ನೀರನ್ನು ಈಚೆಯ ಅಡಿಕೆಗೂ ಬಿಡಬಹುದು, ಆದರೆ ತಡವಾಗುತ್ತದೆ. ಎರಡೂ ಕಡೆಯವರು ಒಟ್ಟಿಗೆ ಎಳೆದರೆ ಪೈಪು ಸಾಲುವುದಿಲ್ಲ. ಸ್ಪ್ರಿಂಕ್ಲರಿನ ಪಂಪು ಯಾವ ಟಾಂಕಿಯ ಬಳಿ ಕೂತಿದೆ ಎಂಬುದು ಗೊತ್ತಿಲ್ಲದವನ ಕೈಗೆ ವಾಲ್ವ್ ಕೊಟ್ಟರೆ ನೀರು ಬರುತ್ತದೆ, ಆದರೆ ಸುತ್ತು ಹಾಕಿಕೊಂಡು.

ಆ ಪಂಪಿನ ಜಾಗದಲ್ಲಿ ಇರುವುದು ನೆಟ್‌ವರ್ಕ್ ಕಾರ್ಡ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್. ಇವನ್ನು ಚುಚ್ಚುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟುಗಳ ತಂತಿಗಳೂ ಹಿಂದೆ ಬೇರೆ ಚಿಪ್ಪಿಗೆ ಹೋಗುತ್ತಿದ್ದವು. 2012ರ ಜಿಯಾನ್ ಇ5 ಪ್ರೊಸೆಸರುಗಳಲ್ಲಿ ಇಂಟೆಲ್ ಅದನ್ನೂ ಪ್ರೊಸೆಸರಿನ ಒಳಗೆ ಸೇರಿಸಿತು. ಹಾಗಾಗಿ ಕಾರ್ಡನ್ನು ಯಾವ ಸ್ಲಾಟಿಗೆ ಹಾಕುತ್ತೀರೋ ಅದು ಆ ಸ್ಲಾಟಿನ ಪ್ರೊಸೆಸರಿನ ಪಾಲಿಗೆ ಹೋಯಿತು. 2017ರಲ್ಲಿ ಎಎಂಡಿಯ ಮೊದಲ ಎಪಿಕ್ ಪ್ರೊಸೆಸರ್ ಬಂದಾಗ ಇದು ಇನ್ನೂ ಮುಂದೆ ಹೋಯಿತು. ಹೊರಗೆ ನೋಡಿದರೆ ಒಂದೇ ಪ್ರೊಸೆಸರ್. ಒಳಗೆ ನಾಲ್ಕು ಚಿಪ್, ಪ್ರತಿಯೊಂದಕ್ಕೂ ಬೇರೆ ಮೆಮೊರಿ, ಬೇರೆ ಸ್ಲಾಟುಗಳು.

ಕುಂಬಳೆಯ ನನ್ನ ಪರಿಚಯದವರೊಬ್ಬರು ಯಕ್ಷಗಾನ ಚಿತ್ರೀಕರಣ ಮಾಡುತ್ತಾರೆ. ರಾತ್ರಿಯಿಡೀ ಆಟ, ಹಲವು ಕ್ಯಾಮರಾ, ಬೆಳಗಾಗುವಾಗ ರಾಶಿ ಫೈಲು. ಎಡಿಟಿಂಗ್‌ಗೆಂದು ಎರಡು ಪ್ರೊಸೆಸರಿನ ಸೆಕೆಂಡ್ ಹ್ಯಾಂಡ್ ಸರ್ವರ್ ತಂದು, ಅದಕ್ಕೆ 10 ಗಿಗಾಬಿಟ್ ಕಾರ್ಡ್ ಹಾಕಿದ್ದರು. "ಒಂದು ದಿನ ಜೋರು ಓಡ್ತದೆ, ಮತ್ತೊಂದು ದಿನ ಎಳೀತದೆ. ವೈರಸ್ಸಾ ಮಾರಾಯ್ರೆ?" ಎಂದು ಕೇಳಿದರು. ನೋಡಿದರೆ ಕಾರ್ಡ್ ಎರಡನೇ ಪ್ರೊಸೆಸರಿನ ಸ್ಲಾಟಿನಲ್ಲಿತ್ತು. ಫೈಲ್ ಕಾಪಿ ಮಾಡುವ ಪ್ರೋಗ್ರಾಮ್ ಕೆಲವೊಮ್ಮೆ ಅದೇ ಕಡೆ ಓಡುತ್ತಿತ್ತು, ಕೆಲವೊಮ್ಮೆ ಮೊದಲನೆಯದರ ಕಡೆ. ಅದನ್ನು ಕಾರ್ಡ್ ಇರುವ ಕಡೆಗೇ ಕಟ್ಟಿಹಾಕಿದೆವು. ವೇಗ ದುಪ್ಪಟ್ಟೇನೂ ಆಗಲಿಲ್ಲ, ಆದರೆ ಏರಿಳಿತ ನಿಂತಿತು.

ಬರೀ 50 ನ್ಯಾನೊಸೆಕೆಂಡಿಗೆ ಇಷ್ಟೆಲ್ಲ ಯಾಕೆ ಅನ್ನಬಹುದು. 10 ಗಿಗಾಬಿಟ್ ತಂತಿಯಲ್ಲಿ ಅತಿ ಚಿಕ್ಕ, ಅಂದರೆ 64 ಬೈಟಿನ ಪ್ಯಾಕೆಟ್‌ಗಳೇ (ಮಾಹಿತಿಯ ತುಣುಕುಗಳೇ) ಬರುತ್ತಿವೆ ಎಂದುಕೊಳ್ಳಿ. ಸೆಕೆಂಡಿಗೆ 1 ಕೋಟಿ 48 ಲಕ್ಷಕ್ಕೂ ಜಾಸ್ತಿ ಪ್ಯಾಕೆಟ್ ಆಗುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಿಗುವುದು 67 ನ್ಯಾನೊಸೆಕೆಂಡ್. ಆಚೆಯ ಮೆಮೊರಿಗೆ ಒಂದು ಸಲ ಹೋಗಿ ಬರುವಷ್ಟರಲ್ಲಿ ಇನ್ನೆರಡು ಪ್ಯಾಕೆಟ್ ಬಾಗಿಲಿಗೆ ಬಂದಿರುತ್ತವೆ. 100 ಗಿಗಾಬಿಟ್ ಕಾರ್ಡಿಗೆ ಈ ಬಿಡುವು 7 ನ್ಯಾನೊಸೆಕೆಂಡ್ ಕೂಡ ಇಲ್ಲ.

ಇದನ್ನೆಲ್ಲ ನಿಭಾಯಿಸಬೇಕಾದ್ದು ಆಪರೇಟಿಂಗ್ ಸಿಸ್ಟಮ್‌ನ ಕರ್ನೆಲ್. ಯಾರಿಗೆ ಯಾವ ಮೆಮೊರಿ ಕೊಡಬೇಕು ಎಂದು ತೀರ್ಮಾನಿಸುವುದು ಅದೇ. ಆದರೆ ಯಾವ ಸ್ಲಾಟ್ ಯಾರ ಪಕ್ಕ ಎಂದು ಅದಕ್ಕೆ ಕಣ್ಣಿಂದ ಕಾಣುವುದಿಲ್ಲ ಅಲ್ವಾ? ಯಾರಾದರೂ ಹೇಳಬೇಕು. ಹೇಳುವುದು ಬೋರ್ಡಿನ ಜೊತೆಗೇ ಬರುವ ಫರ್ಮ್‌ವೇರ್ ಎಂಬ ತಂತ್ರಾಂಶ. ಯಂತ್ರ ಆನ್ ಆದಾಗ ಅದು, ತಾನು ಆಪರೇಟಿಂಗ್ ಸಿಸ್ಟಮ್‌ಗೆ ವಿವರ ಹೇಳುವ ಬಗೆಯನ್ನು ಗೊತ್ತುಮಾಡಿರುವ ಎಸಿಪಿಐ ಎಂಬ ನಿಯಮದ ಪ್ರಕಾರ, ಕೆಲವು ಪಟ್ಟಿಗಳನ್ನು ಇಟ್ಟಿರುತ್ತದೆ. ಯಾವ ಪ್ರೊಸೆಸರ್, ಯಾವ ಮೆಮೊರಿ ಯಾವ ನೋಡಿನವು ಎಂದು ಒಂದು ಪಟ್ಟಿ. ನೋಡಿನಿಂದ ನೋಡಿಗೆ ಎಷ್ಟು ದೂರ ಎಂದು ಇನ್ನೊಂದು. ಅದರಲ್ಲಿ ತನ್ನದೇ ಮೆಮೊರಿಯ ದೂರ ಯಾವತ್ತೂ 10. 20 ಎಂದಿದ್ದರೆ ಅದರ ಎರಡರಷ್ಟು ಎಂದರ್ಥ. ಇವು ನ್ಯಾನೊಸೆಕೆಂಡುಗಳಲ್ಲ, ಹೋಲಿಸಿ ಹೇಳುವ ಅಂಕಿಗಳು. ಕಾರ್ಡುಗಳ ಜಾಗವನ್ನು ಪಿಎಕ್ಸ್‌ಎಂ ಎಂಬ ಪುಟ್ಟ ವಿವರ ತಿಳಿಸುತ್ತದೆ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಕರ್ನೆಲ್ ಇದನ್ನು ಬಳಸುವ ರೀತಿ ನನಗೆ ತುಂಬಾ ಇಷ್ಟ. ಪ್ರತಿ ಸಾಧನದ ದಾಖಲೆಯಲ್ಲೂ ಅದು ನೋಡಿನ ಸಂಖ್ಯೆ ಬರೆದಿಟ್ಟುಕೊಳ್ಳುತ್ತದೆ. ಹೊಸ ಪಿಸಿಐ ಕಾರ್ಡನ್ನು ಕೆಲಸಕ್ಕೆ ಹಚ್ಚುವಾಗ, ಅದರ ಡ್ರೈವರಿನ, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶದ, ಮೊದಲ ಹೆಜ್ಜೆಗಳನ್ನು ಕಾರ್ಡಿನ ಪಕ್ಕದ ಪ್ರೊಸೆಸರಿನ ಮೇಲೆಯೇ ಓಡಿಸುತ್ತದೆ. ಲಿನಕ್ಸ್ ಸಾಮಾನ್ಯವಾಗಿ, ಕೆಲಸ ಎಲ್ಲಿ ಓಡುತ್ತಿದೆಯೋ ಅಲ್ಲಿನ ಮೆಮೊರಿಯನ್ನೇ ಕೊಡುತ್ತದೆ. ಹಾಗಾಗಿ ನ್ಯೂಮಾ ಬಗ್ಗೆ ತಲೆ ಕೆಡಿಸಿಕೊಳ್ಳದೆ ಬರೆದ ಡ್ರೈವರಿಗೂ ಪಕ್ಕದ ಮೆಮೊರಿ ಸಿಗುತ್ತದೆ. ಗೊತ್ತಿದ್ದು ಬರೆದವರು ಇಂಥ ನೋಡಿನಿಂದಲೇ ಕೊಡು ಎಂದು ನೇರವಾಗಿ ಕೇಳಬಹುದು.

ಫರ್ಮ್‌ವೇರ್ ಏನೂ ಹೇಳದಿದ್ದರೆ? ಆಗ ಆ ಸಂಖ್ಯೆಯ ಜಾಗದಲ್ಲಿ -1 ಇರುತ್ತದೆ. ಗೊತ್ತಿಲ್ಲ ಎಂದರ್ಥ. ಎರಡು ಪ್ರೊಸೆಸರಿನ ಯಂತ್ರದಲ್ಲಿ -1 ಕಂಡರೆ ನನಗೆ ಸಂಕಟ ಆಗುತ್ತದೆ. ಏಕೆಂದರೆ ಏನೂ ಕೆಡುವುದಿಲ್ಲ, ಎಲ್ಲವೂ ನಡೆಯುತ್ತದೆ, ಸುಮ್ನೆ ನಿಧಾನವಾಗಿ. ಯಂತ್ರದ ಮಾಲೀಕರಿಗೆ ಕಾರಣ ಗೊತ್ತೇ ಆಗುವುದಿಲ್ಲ. ಕಾರ್ಡ್ ಎಲ್ಲಿದೆ ಎಂದು ನಾವೇ ಖಚಿತ ಮಾಡಿಕೊಂಡು, ಆ ಜಾಗದಲ್ಲಿ ಸರಿಯಾದ ಸಂಖ್ಯೆ ಬರೆಯಲು ಲಿನಕ್ಸ್ ಬಿಡುತ್ತದೆ. ಆದರೆ ಫರ್ಮ್‌ವೇರಿನಲ್ಲಿ ದೋಷ ಇದೆ, ತಯಾರಕರನ್ನು ಸಂಪರ್ಕಿಸಿ ಎಂದು ಲಾಗ್‌ನಲ್ಲಿ ಬರೆದಿಡುತ್ತದೆ. ಫರ್ಮ್‌ವೇರಿನ ದೋಷವನ್ನು ಹೊರಗಿಂದ ಸರಿಪಡಿಸಲಾಗಿದೆ ಎಂದು ಕರ್ನೆಲ್ ಮೇಲೆ ಒಂದು ಗುರುತನ್ನೂ ಹಾಕುತ್ತದೆ. ಕೆಲವರಿಗೆ ಇದು ಕಿರಿಕಿರಿ. ನನಗೆ ಇದೇ ಸರಿ ಅನ್ನಿಸುತ್ತದೆ. ತಪ್ಪು ಎಲ್ಲಿ ಆಗಿದೆಯೋ ಅಲ್ಲೇ ತಿದ್ದಬೇಕು. ಇಲ್ಲದಿದ್ದರೆ ಅದೇ ಬೋರ್ಡ್ ಕೊಂಡ ಪ್ರತಿಯೊಬ್ಬರೂ ಇದೇ ತಲೆನೋವು ಪಡಬೇಕು.

ನಿಮ್ಮ ಕೈಯಲ್ಲಿ ಇಂಥ ಯಂತ್ರ ಇದ್ದರೆ ಪರೀಕ್ಷೆ ಸುಲಭ. ಬೋರ್ಡಿನ ಕೈಪಿಡಿಯಲ್ಲಿ ಯಾವ ಸ್ಲಾಟ್ ಯಾವ ಪ್ರೊಸೆಸರಿನದು ಎಂಬ ಚಿತ್ರ ಇರುತ್ತದೆ. ಲಿನಕ್ಸ್‌ನ ಎಲ್‌ಎಸ್‌ಟೋಪೊ ಎಂಬ ಉಪಕರಣ ಇಡೀ ನಕ್ಷೆಯನ್ನೇ ಬಿಡಿಸಿ ತೋರಿಸುತ್ತದೆ. ನ್ಯೂಮಾಸಿಟಿಎಲ್ ಬಳಸಿ ಪ್ರೋಗ್ರಾಮನ್ನು ಬೇಕಾದ ನೋಡಿಗೆ ಕಟ್ಟಬಹುದು.

ಈಗ ಮೆಮೊರಿಯೇ ಕಾರ್ಡಿನ ರೂಪದಲ್ಲಿ ಬರತೊಡಗಿದೆ. 2019ರಲ್ಲಿ ಪ್ರಕಟವಾದ ಸಿಎಕ್ಸ್‌ಎಲ್ ಎಂಬ ಮಾನದಂಡ ಇದಕ್ಕೆ ದಾರಿ ಮಾಡಿತು. ಈ ಮೆಮೊರಿ ಲಿನಕ್ಸ್‌ಗೆ ಪ್ರೊಸೆಸರೇ ಇಲ್ಲದ ಒಂದು ನೋಡ್ ಆಗಿ ಕಾಣಿಸುತ್ತದೆ. ಒಂದೊಂದು ಕಂಪನಿಯ ಕಾರ್ಡಿನ ವೇಗ ಒಂದೊಂದು, ಮಧ್ಯದಲ್ಲಿ ಸ್ವಿಚ್ ಇರಬಹುದು, ಯಂತ್ರ ಓಡುತ್ತಿರುವಾಗಲೇ ಹಾಕಲೂಬಹುದು. ಹಾಗೆ ಆಮೇಲೆ ಹಾಕಿದ ಕಾರ್ಡಿನ ವೇಗ, ಆನ್ ಆಗುವಾಗ ಫರ್ಮ್‌ವೇರ್ ಬರೆದಿಟ್ಟ ಪಟ್ಟಿಯಲ್ಲಿ ಇರುತ್ತದೆ ಎಂದು ನಂಬುವಂತಿಲ್ಲ. ಅದಕ್ಕೇ ಕಾರ್ಡ್ ತನ್ನ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ. ಅದರ ಹೆಸರು ಸಿಡಿಎಟಿ. ಪ್ರೊಸೆಸರಿನಿಂದ ಸ್ಲಾಟಿನವರೆಗಿನ ದೂರವನ್ನು ಫರ್ಮ್‌ವೇರಿನಿಂದ, ಕೊಂಡಿಯ ವೇಗವನ್ನು ಪಿಸಿಐ ವಿವರದಿಂದ, ಉಳಿದದ್ದನ್ನು ಸಿಡಿಎಟಿಯಿಂದ ಓದಿ, ಕರ್ನೆಲ್ ಮೂರನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ.